ಮೇಪಲ್ ಮತ್ತು ಎತ್ತರ: ರಸ ಇಳಿಯುವಲ್ಲಿಂದ ಪಾಕ ಇಳಿಸುವವರೆಗೆ

ಮೇಪಲ್ ಮರದ ರಸವನ್ನು 104 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಸಿದರೆ ಪಾಕ ಬಂತು ಅಂತ ಎಲ್ಲ ಕಡೆ ಬರೆದಿರುತ್ತಾರೆ. ಫ್ಯಾರನ್‌ಹೀಟ್ ಥರ್ಮಾಮೀಟರ್ ಇಟ್ಟುಕೊಂಡವರಿಗೆ ಅದು 219. ಅಂಕಿ ಸುಳ್ಳಲ್ಲ, ಆದರೆ ಅದು ಸಮುದ್ರಮಟ್ಟಕ್ಕೆ ಸೇರಿದ ಅಂಕಿ. ಅಮೆರಿಕದ ವರ್ಮಾಂಟ್ ರಾಜ್ಯದ ಗ್ರೀನ್ ಮೌಂಟನ್ಸ್ ಬೆಟ್ಟಗಳ ಮಗ್ಗುಲಲ್ಲಿ 2,000 ಅಡಿ ಮೇಲೆ ಒಲೆ ಹಚ್ಚಿದವರು 104 ಬರಲಿ ಅಂತ ಕಾಯುತ್ತ ಕೂತರೆ ಸಕ್ಕರೆ 70 ಬ್ರಿಕ್ಸ್ (ತೂಕದಲ್ಲಿ ಶೇಕಡಾ ಎಷ್ಟು ಸಕ್ಕರೆ ಎಂಬ ಅಳತೆ) ದಾಟಿರುತ್ತದೆ, ಬಾಟಲಿಯ ತಳದಲ್ಲಿ ಹರಳು ಕಟ್ಟುತ್ತದೆ.

ಎತ್ತರದ ಪ್ರಭಾವ ಎಂದರೆ ಬಹಳ ಜನರಿಗೆ ನೆನಪಾಗುವುದು ಈ ಕುದಿಬಿಂದು ಒಂದೇ. ಅದು ಲೆಕ್ಕಕ್ಕೆ ಸಿಗುವ ಭಾಗ, ಹಾಗಾಗಿ ಸುಲಭ. ಮರದಿಂದ ರಸ ಯಾವ ದಿನ ಇಳಿಯುತ್ತದೆ, ಪೈಪಿನಿಂದ ಗಾಳಿ ತೆಗೆದು ರಸ ಸೆಳೆಯುವ ನಿರ್ವಾತ ಪಂಪು ಎಷ್ಟು ಎಳೆಯುತ್ತದೆ, ಇಳಿಜಾರಿನ ಪೈಪು ಯಾಕೆ ಒಡೆಯುತ್ತದೆ, ಋತುವಿನ ಕೊನೆಯ ಪಾಕ ಯಾಕೆ ಕೆಡುತ್ತದೆ, ಇವೆಲ್ಲದರಲ್ಲೂ ಎತ್ತರದ ಕೈವಾಡ ಇದೆ. ಇಲ್ಲೊಂದು ಮಾತು ಮೊದಲೇ ಹೇಳಿಬಿಡಬೇಕು: ನಕ್ಷೆಯಲ್ಲಿ ಕಾಣುವ ಎತ್ತರದ ಅಂಕಿಗಿಂತ, ನಿಮ್ಮ ತೋಪಿನ ತುದಿಗೂ ಬುಡಕ್ಕೂ ಇರುವ ಅಂತರವೇ ಹೆಚ್ಚು ಕೆಲಸ ಮಾಡುತ್ತದೆ.

ಒಂದೇ ಎತ್ತರ, ಎರಡು ಅರ್ಥ

ವರ್ಮಾಂಟ್‌ನಲ್ಲಿ ಸುಮಾರು 2,500 ಅಡಿ ದಾಟಿದರೆ ಶುಗರ್ ಮೇಪಲ್ ಮರಗಳು ತೆಳ್ಳಗಾಗುತ್ತ ಹೋಗಿ ಸ್ಪ್ರೂಸ್, ಫರ್ ಮರಗಳ ಕಾಡು ಶುರುವಾಗುತ್ತದೆ. ಅಲ್ಲಿ 2,500 ಅಡಿ ಎಂದರೆ ಮೇಲಿನ ಮಿತಿ. ಅದೇ ವರ್ಜೀನಿಯಾದ ಹೈಲ್ಯಾಂಡ್ ಕೌಂಟಿಗೆ ಬನ್ನಿ. ಅಷ್ಟು ದಕ್ಷಿಣದಲ್ಲಿದ್ದರೂ ಅಲ್ಲಿ ಪ್ರತಿ ಮಾರ್ಚ್‌ನಲ್ಲಿ ಮೇಪಲ್ ಹಬ್ಬ ನಡೆಯುತ್ತದೆ, ಪಾಕ ತಯಾರಾಗುತ್ತದೆ. ಕಾರಣ ಅಪಲಾಚಿಯನ್ ಬೆಟ್ಟಗಳ ಎತ್ತರ. ಅಲ್ಲಿ 2,500 ಅಡಿ ಎಂದರೆ ಕೆಳಗಿನ ಮಿತಿ ಇದ್ದ ಹಾಗೆ. ಅದಕ್ಕಿಂತ ತೀರ ಕೆಳಗಿಳಿದರೆ ರಾತ್ರಿಗಳು ಸಾಕಷ್ಟು ಹೆಪ್ಪುಗಟ್ಟುವುದಿಲ್ಲ. ಹಾಗಾಗಿ "ಮೇಪಲ್‌ಗೆ ಯಾವ ಎತ್ತರ ಒಳ್ಳೆಯದು" ಎಂಬ ಪ್ರಶ್ನೆಗೆ ಅಕ್ಷಾಂಶ ಕೇಳದೆ ಉತ್ತರ ಕೊಡುವವರನ್ನು ನಂಬಬೇಡಿ.

ರಸ ಇಳಿಯುವ ದಿನ

ಮೇಪಲ್ ಮರದ ವಿಶೇಷ ಅದರ ನಾರುಕೋಶಗಳಲ್ಲಿದೆ. ಆ ಕೋಶಗಳ ತುಂಬ ಗಾಳಿ, ಪಕ್ಕದ ನಾಳಗಳ ತುಂಬ ರಸ. ರಾತ್ರಿ ಸೊನ್ನೆಗಿಂತ ಕೆಳಗಿಳಿದಾಗ ನಾರುಕೋಶಗಳ ಒಳಗೆ ಮಂಜುಗಡ್ಡೆ ಕಟ್ಟಿ ಗಾಳಿ ಅಮುಕಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಬೇರಿನಿಂದ ನೀರು ಮೇಲಕ್ಕೆ ಎಳೆದುಕೊಳ್ಳುತ್ತದೆ. ಬೆಳಗ್ಗೆ ಬಿಸಿಲಿಗೆ ಮಂಜು ಕರಗಿ, ಅಮುಕಿದ್ದ ಗಾಳಿ ಹಿಗ್ಗಿದಾಗ ಒಳಗಿನ ಒತ್ತಡ ಏರಿ, ಕೊರೆದ ತೂತಿನಿಂದ ರಸ ಹೊರಬೀಳುತ್ತದೆ. ಬೇಕಾದ್ದು ಬರೀ ಚಳಿಯಲ್ಲ, ದಿನಕ್ಕೊಮ್ಮೆ ಸೊನ್ನೆಯ ಗೆರೆಯನ್ನು ಎರಡೂ ಕಡೆಯಿಂದ ದಾಟುವುದು. ರಾತ್ರಿ ಮೈನಸ್ 4, ಹಗಲು 5 ಅಥವಾ 6 ಇದ್ದರೆ ಹಬ್ಬ. ರಾತ್ರಿ ಮೈನಸ್ 12, ಹಗಲು ಮೈನಸ್ 1 ಆದರೆ ಒಂದು ಹನಿಯೂ ಇಲ್ಲ. ರಾತ್ರಿ 2, ಹಗಲು 12 ಆದರೆ ಮೊದಲ ದಿನ ಹರಿದದ್ದು ಮೂರನೇ ದಿನಕ್ಕೆ ಬತ್ತಿಹೋಗುತ್ತದೆ.

ಸಾವಿರ ಅಡಿ ಮೇಲೇರಿದರೆ ಗಾಳಿ ಸರಾಸರಿ 2 ಡಿಗ್ರಿ ತಣ್ಣಗಾಗುತ್ತದೆ. 800 ಅಡಿಯಲ್ಲಿ ಮಧ್ಯಾಹ್ನ 3 ಡಿಗ್ರಿ ಇದ್ದು ರಸ ಜಿನುಗುತ್ತಿರುವಾಗ 2,300 ಅಡಿಯಲ್ಲಿ ಸೊನ್ನೆ. ಫೆಬ್ರವರಿಯಲ್ಲಿ ಇದು ಮೇಲಿನವರಿಗೆ ನಷ್ಟ, ಏಪ್ರಿಲ್‌ನಲ್ಲಿ ಲಾಭ. ಕೆಳಗೆ ಮೊಗ್ಗು ಉಬ್ಬಿ ಆಟ ಮುಗಿದಾಗ ಮೇಲೆ ಇನ್ನೂ ಹರಿಯುತ್ತಿರುತ್ತದೆ. ಒಂದೇ ತೋಪು 700, 800 ಅಡಿ ಏರಿಳಿತದಲ್ಲಿ ಹರಡಿದ್ದರೆ ಒಟ್ಟು ಋತು ಎರಡೂ ತುದಿಗೆ ಹಿಗ್ಗುತ್ತದೆ. ಅಂತರ ಮುಖ್ಯ ಅಂದದ್ದು ಇದಕ್ಕೇ.

ಈ 2 ಡಿಗ್ರಿ ಲೆಕ್ಕ ಮೋಡ ಕವಿದು ಗಾಳಿ ಬೀಸುವ ದಿನಗಳಿಗೆ ಸರಿ. ಆಕಾಶ ತಿಳಿಯಾಗಿ ಗಾಳಿ ನಿಂತ ರಾತ್ರಿಗಳಲ್ಲಿ ಅದು ತಲೆಕೆಳಗಾಗುತ್ತದೆ. ತಣ್ಣನೆಯ ಗಾಳಿ ಭಾರ, ಅದು ಇಳಿಜಾರಿನಲ್ಲಿ ಜಾರಿ ಕಣಿವೆಯಲ್ಲಿ ನೀರಿನಂತೆ ನಿಲ್ಲುತ್ತದೆ. ಕಣಿವೆಯ ತಳದಲ್ಲಿ ಮೈನಸ್ 6 ಇರುವ ರಾತ್ರಿ ಅಲ್ಲಿಂದ ನಾಲ್ಕೈದು ನೂರು ಅಡಿ ಮೇಲೆ, ಬೆಟ್ಟದ ನಡುಮಗ್ಗುಲಲ್ಲಿ ಸೊನ್ನೆಯೂ ಮುಟ್ಟದೆ ಇರಬಹುದು. ಮರುದಿನ ಕಣಿವೆಯ ಮರಗಳು ಧಾರಾಳವಾಗಿ ಸುರಿಸುತ್ತವೆ, ನಡುಮಗ್ಗುಲಿನವು ಮುನಿಸಿಕೊಂಡು ನಿಂತಿರುತ್ತವೆ. "ಮೇಲಕ್ಕೆ ಹೋದಷ್ಟೂ ಚಳಿ" ಎಂದು ನಂಬಿ ಇಡೀ ಪೈಪಿನ ಜಾಲವನ್ನು ನಡುಮಗ್ಗುಲಿಗೆ ಹಾಕಿದವರಿಗೆ ಇದು ತಿಳಿಯುವುದು ದುಡ್ಡು ಖರ್ಚಾದ ಮೇಲೆ.

ಇದಕ್ಕೆ ಮದ್ದು ಅಗ್ಗದ್ದು. ಪೈಪು ಕೊಳ್ಳುವ ಮುಂಚಿನ ಋತುವಿನಲ್ಲಿ, ಕನಿಷ್ಠ ಮತ್ತು ಗರಿಷ್ಠ ಉಷ್ಣಾಂಶ ದಾಖಲಿಸುವ ಮೂರು ಯಂತ್ರಗಳನ್ನು ತೋಪಿನ ಬುಡದಲ್ಲೊಂದು, ನಡುವಲ್ಲೊಂದು, ತುದಿಯಲ್ಲೊಂದು ಕಟ್ಟಿ. ಮರದ ಉತ್ತರ ಮಗ್ಗುಲಿಗೆ, ಬಿಸಿಲು ಬೀಳದಂತೆ, ಹಿಮ ಎಷ್ಟೇ ಬಿದ್ದರೂ ಮುಚ್ಚಿಹೋಗದಷ್ಟು ಮೇಲೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಯಾವ ಜಾಗ ಎಷ್ಟು ಸಲ ಸೊನ್ನೆ ದಾಟಿತು ಎಂದು ಎಣಿಸಿ. ಆ ಎಣಿಕೆ ಎತ್ತರದ ಅಂಕಿಗಿಂತ ಹತ್ತು ಪಾಲು ಉಪಯುಕ್ತ. ಇಳಿಜಾರಿನ ಮುಖವೂ ಆ ಎಣಿಕೆಯಲ್ಲೇ ಬಂದುಬಿಡುತ್ತದೆ: ದಕ್ಷಿಣಕ್ಕೆ ಮುಖ ಮಾಡಿದ 1,800 ಅಡಿಯ ಮರ ಉತ್ತರಕ್ಕೆ ಮುಖ ಮಾಡಿದ 1,000 ಅಡಿಯ ಮರಕ್ಕಿಂತ ಮೊದಲು ಎಚ್ಚರಾಗುವುದು ಅಪರೂಪವೇನಲ್ಲ.

ಕೊರೆಯುವುದು

ತೂತು ಕೊರೆದ ದಿನದಿಂದ ಅದರ ಆಯಸ್ಸು ಎಣಿಕೆಗೆ ಬೀಳುತ್ತದೆ. ಸೂಕ್ಷ್ಮಜೀವಿ ಬೆಳೆಯುತ್ತದೆ, ಮರ ಗಾಯ ಮುಚ್ಚಿಕೊಳ್ಳಲು ನಾಳಗಳನ್ನು ಅಡೆಯುತ್ತದೆ. ಬಕೆಟ್ ಅಥವಾ ಗುರುತ್ವದ ಪೈಪಿನಲ್ಲಿ ಒಳ್ಳೆಯ ಹರಿವು ನಾಲ್ಕರಿಂದ ಆರು ವಾರ. ತೂತಿಗೆ ಸಿಕ್ಕಿಸುವ ನಳಿಕೆ ಹೊಸದಾಗಿದ್ದು, ಒಳ್ಳೆಯ ನಿರ್ವಾತ ಇದ್ದರೆ ಇನ್ನೂ ಹೆಚ್ಚು. ವರ್ಮಾಂಟ್‌ನಲ್ಲಿ ಹಿಂದೆ ಮಾರ್ಚ್‌ನ ಮೊದಲ ಮಂಗಳವಾರ, ಅಂದರೆ ಊರಿನವರು ಸಭೆ ಸೇರುವ ಟೌನ್ ಮೀಟಿಂಗ್ ದಿನ, ಕೊರೆಯುವ ಲೆಕ್ಕ. ತಗ್ಗಿನ ತೋಪುಗಳಿಗೆ ಈಗ ಅದು ತಡವಾಯಿತು. ಎತ್ತರದ, ಉತ್ತರಮುಖದ ಬಕೆಟ್ ತೋಪಿಗೆ ಈಗಲೂ ಅದು ಕೆಟ್ಟ ದಿನವಲ್ಲ. ಕೆಳಗಿನ ಮರಗಳನ್ನು ಮೊದಲು ಕೊರೆದು, ಮೇಲಿನವನ್ನು ಅಲ್ಲಿಯ ಥರ್ಮಾಮೀಟರ್ ನೋಡಿ ಕೊರೆಯಿರಿ. ಸಾವಿರಾರು ಮರ ಇರುವವರು ಜನವರಿಯಲ್ಲೇ ಶುರುಮಾಡದೆ ವಿಧಿಯಿಲ್ಲ, ಅವರಾದರೂ ತುದಿಯ ಮರಗಳನ್ನು ಕೊನೆಗೆ ಇಟ್ಟುಕೊಳ್ಳಬಹುದು.

ತೂತಿನ ಅಳತೆ ಎತ್ತರದಿಂದ ಬದಲಾಗುವುದಿಲ್ಲ: 5/16 ಇಂಚು ಅಗಲ, ಒಂದೂವರೆಯಿಂದ ಎರಡು ಇಂಚು ಆಳ, ಹೊರಕ್ಕೆ ಸ್ವಲ್ಪ ವಾಲಿಕೆ. ಬದಲಾಗಬೇಕಾದ್ದು ಮರದ ಆಯ್ಕೆ. ಮೇಲಿನ ಮಣ್ಣು ತೆಳು, ಹುಳಿ ಹೆಚ್ಚು, ಕ್ಯಾಲ್ಸಿಯಂ ಕಡಿಮೆ. ಗಾಳಿಗೂ ಮಂಜಿನ ಭಾರಕ್ಕೂ ತಲೆ ಮುರಿದುಕೊಂಡ ಮರಗಳು ಬಹಳ. 1998ರ ಜನವರಿಯ ಐಸ್ ಚಂಡಮಾರುತ ಈಶಾನ್ಯ ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರದೇಶದ ಬೆಟ್ಟಗಳಲ್ಲಿ ಕೆಲವು ಎತ್ತರದ ಪಟ್ಟಿಗಳನ್ನೇ ಆರಿಸಿ ಹೊಡೆದಂತೆ ಕೊಂಬೆ ಮುರಿದಿತ್ತು. ಇಂಥ ಮರ ವರ್ಷಕ್ಕೆ ಹಾಕುವ ಹೊಸ ಬಿಳಿಮರದ ಪದರ ಬಹಳ ತೆಳು. ಪ್ರತಿ ತೂತಿನ ಮೇಲೂ ಕೆಳಗೂ ಕಂದು ಕಲೆಯ ಉದ್ದ ಪಟ್ಟಿಯೊಂದು ಸತ್ತು ಉಳಿಯುತ್ತದೆ, ಅದರೊಳಗೆ ಮತ್ತೆ ಕೊರೆದರೆ ರಸ ಬರುವುದಿಲ್ಲ. ಕೊರೆದಾಗ ಬರುವ ಸಿಪ್ಪೆ ನೋಡಿ: ಕೆನೆಬಿಳಿ ಇದ್ದರೆ ಸರಿ, ಕಂದು ಪುಡಿ ಬಂದರೆ ಹಳೆಯ ಗಾಯಕ್ಕೆ ಬಿದ್ದಿದ್ದೀರಿ. ಕೆಳಗೆ 10 ಇಂಚು ವ್ಯಾಸದ ಮರಕ್ಕೆ ನಳಿಕೆ ಹಾಕುವವರು ಮೇಲೆ 12 ಇಂಚಿಗೆ ಕಾಯುವುದು, ದೊಡ್ಡ ಮರಕ್ಕೂ ಎರಡನೇ ನಳಿಕೆ ಹಾಕದಿರುವುದು ಒಳ್ಳೆಯದು.

ಬೆಟ್ಟದ ತುದಿಯ ಮರದ ರಸ ಸಿಹಿ ಜಾಸ್ತಿ ಎಂಬ ನಂಬಿಕೆಯೊಂದಿದೆ. ಸಿಹಿಯನ್ನು ತೀರ್ಮಾನಿಸುವುದು ತಲೆಯ ಹರವು ಮತ್ತು ಬೇಸಿಗೆಯ ಬಿಸಿಲು, ಎತ್ತರವಲ್ಲ. ಸಿಹಿ ಅಳೆಯುವ ರಿಫ್ರಾಕ್ಟೋಮೀಟರ್ ಹಿಡಿದು ಒಂದೊಂದೇ ಮರ ನೋಡಿದರೆ ಪಕ್ಕಪಕ್ಕದ ಎರಡು ಮರಗಳಲ್ಲೇ 1.5 ಮತ್ತು 3 ಬ್ರಿಕ್ಸ್ ಸಿಗುತ್ತದೆ. 86ನ್ನು ಆ ಬ್ರಿಕ್ಸ್‌ನಿಂದ ಭಾಗಿಸಿದರೆ ಒಂದು ಗ್ಯಾಲನ್ ಪಾಕಕ್ಕೆ ಬೇಕಾದ ರಸ ಎಷ್ಟು ಗ್ಯಾಲನ್ ಎಂದು ಗೊತ್ತಾಗುತ್ತದೆ: 2 ಇದ್ದರೆ 43, 1.5 ಇದ್ದರೆ 57.

ಹಿಮದ ಮಾತೂ ಇಲ್ಲೇ. ಮೇಲೆ ನಾಲ್ಕು ಅಡಿ ಹಿಮದ ಮೇಲೆ ನಿಂತು ಎದೆಮಟ್ಟಕ್ಕೆ ಕೊರೆದರೆ ಏಪ್ರಿಲ್‌ನಲ್ಲಿ ನಳಿಕೆ ಕೈಗೆಟುಕುವುದಿಲ್ಲ. ಬೇಸಿಗೆಯಲ್ಲಿ ಆರಾಮಾಗಿ ಎದೆಮಟ್ಟಕ್ಕೆ ಪೈಪು ಕಟ್ಟಿದರೆ ಫೆಬ್ರವರಿಯಲ್ಲಿ ಅದು ಹಿಮದಡಿ ಹೂತು, ಹಗಲೆಲ್ಲ ಹೆಪ್ಪುಗಟ್ಟಿಯೇ ಇರುತ್ತದೆ. ಎರಡರಲ್ಲಿ ಮೊದಲನೆಯದೇ ವಾಸಿ. ಏಣಿ ಸಿಗುತ್ತದೆ, ಹೋದ ರಸ ಸಿಗುವುದಿಲ್ಲ.

ಪಂಪು ಹೇಳುವ ಅರ್ಧಸತ್ಯ

ನಿರ್ವಾತವನ್ನು ಪಾದರಸದ ಇಂಚಿನಲ್ಲಿ ಅಳೆಯುತ್ತಾರೆ. ಸಮುದ್ರಮಟ್ಟದಲ್ಲಿ ವಾತಾವರಣದ ಒತ್ತಡವೇ 29.9 ಇಂಚು. ಗೇಜಿನ ಮುಳ್ಳು ಅದಕ್ಕಿಂತ ಮೇಲೆ ಹೋಗಲು ಸಾಧ್ಯವಿಲ್ಲ, ಏಕೆಂದರೆ ತೆಗೆಯಲು ಅಷ್ಟೇ ಗಾಳಿ ಇರುವುದು. ಸಾವಿರ ಅಡಿಗೆ ಈ ಒತ್ತಡ ಸುಮಾರು ಒಂದು ಇಂಚು ಇಳಿಯುತ್ತದೆ. 2,000 ಅಡಿಯಲ್ಲಿ ಉಳಿಯುವುದು 27.8. ತಗ್ಗಿನಲ್ಲಿ 27 ತೋರಿಸುತ್ತಿದ್ದ ಅದೇ ಪಂಪು, ಅದೇ ಎಣ್ಣೆ, ಅದೇ ಬೆಲ್ಟು, ಅಲ್ಲಿ 25 ತೋರಿಸುತ್ತದೆ. ಪಂಪು ಕೆಟ್ಟಿಲ್ಲ. ಆದರೆ ಇದು ಗೊತ್ತಿಲ್ಲದವರು ಇಲ್ಲದ ಸೋರಿಕೆ ಹುಡುಕುತ್ತ ಹಿಮದಲ್ಲಿ ವಾರಗಟ್ಟಲೆ ಅಲೆಯುತ್ತಾರೆ.

ಸೋರಿಕೆ ನಿಜವಾಗಿ ಇದೆಯೇ ಎಂದು ನೋಡುವ ಕ್ರಮ ಹೀಗೆ. ಪಂಪಿನ ಬಾಯಿಯ ವಾಲ್ವ್ ಮುಚ್ಚಿ, ಪಂಪನ್ನು ಬರೀ ತನ್ನಷ್ಟಕ್ಕೆ ಓಡಿಸಿ ಮುಳ್ಳು ನೋಡಿ. ಅದು ನಿಮ್ಮ ಎತ್ತರಕ್ಕೆ ಆ ಪಂಪು ಕೊಡಬಲ್ಲ ಗರಿಷ್ಠ. ವಾಲ್ವ್ ತೆರೆದು, ಅತಿ ದೂರದ ಮೇನ್‌ಲೈನಿನ, ಅಂದರೆ ಮುಖ್ಯ ಪೈಪಿನ, ತುದಿಯಲ್ಲಿ ಇನ್ನೊಂದು ಗೇಜ್ ಹಿಡಿಯಿರಿ. ಎರಡರ ನಡುವೆ ಒಂದು ಇಂಚಿನ ವ್ಯತ್ಯಾಸ ಇದ್ದರೆ ನೆಮ್ಮದಿಯಿಂದಿರಿ. ನಾಲ್ಕು ಇಂಚು ಇದ್ದರೆ ಸೋರಿಕೆ ಹುಡುಕಲು ಹೊರಡಿ. ಒಂದೊಂದು ಇಂಚು ನಿರ್ವಾತಕ್ಕೆ ರಸ ಶೇ. 5ರಿಂದ 7ರಷ್ಟು ಹೆಚ್ಚುತ್ತದೆ ಎಂಬುದು ಕಸುಬಿನಲ್ಲಿ ಒಪ್ಪಿರುವ ಅಂದಾಜು, ಹಾಗಾಗಿ ಮೂರು ಇಂಚಿನ ಸೋರಿಕೆ ಸಣ್ಣದಲ್ಲ. ಎತ್ತರದಿಂದ ಹೋದ ಎರಡು ಇಂಚನ್ನು ಮಾತ್ರ ದೊಡ್ಡ ಪಂಪು ತಂದರೂ ವಾಪಸು ಪಡೆಯಲಾಗದು.

ಹವಾಮಾನ ವರದಿಯ ವಾಯುಭಾರವನ್ನು ಈ ಲೆಕ್ಕಕ್ಕೆ ಎಳೆಯಬೇಡಿ. ಅವರು ಕೊಡುವುದು ಸಮುದ್ರಮಟ್ಟಕ್ಕೆ ತಿದ್ದಿದ ಅಂಕಿ. ಬೆಟ್ಟದ ಮೇಲೂ ಅದು 30ರ ಆಸುಪಾಸು ಓದುತ್ತದೆ. ಬೇಕಾದ್ದು ತಿದ್ದದ ಒತ್ತಡ. ಒಳಗೆ ಸಂವೇದಕ ಇರುವ ಫೋನಾದರೆ ಅದರ ಕಚ್ಚಾ ಅಳತೆ ಸಾಕು.

ಇಳಿಜಾರನ್ನೇ ಪಂಪು ಮಾಡಿಕೊಳ್ಳುವುದು

ವಿದ್ಯುತ್ ಇಲ್ಲದ ಬೆಟ್ಟದ ತೋಪಿಗೆ 3/16 ಇಂಚಿನ ಸಣ್ಣ ಪೈಪು ವರದಾನ. ವರ್ಮಾಂಟ್ ವಿಶ್ವವಿದ್ಯಾಲಯದ ಟಿಮ್ ವಿಲ್ಮಟ್ ಇದನ್ನು ಪ್ರಯೋಗ ಮಾಡಿ ಪ್ರಚಾರಕ್ಕೆ ತಂದರು. ಸಾಮಾನ್ಯ 5/16 ಪೈಪಿನಲ್ಲಿ ರಸ ತಳದಲ್ಲಿ ಹರಿದರೆ ಗಾಳಿ ಮೇಲಿನಿಂದ ನುಸುಳುತ್ತದೆ. 3/16ರಲ್ಲಿ ಆ ಜಾಗವಿಲ್ಲ. ರಸವೂ ಗುಳ್ಳೆಯೂ ಒಂದರ ಹಿಂದೊಂದು ಸರಪಳಿಯಾಗಿ ಇಳಿಯುತ್ತವೆ, ಇಡೀ ಕಂಬದ ತೂಕ ಮೇಲಿನ ಮರಗಳನ್ನು ಎಳೆಯುತ್ತದೆ. ಒಂದು ಅಡಿ ಇಳಿತಕ್ಕೆ ಸುಮಾರು 0.88 ಇಂಚು ನಿರ್ವಾತ. 30 ಅಡಿ ಇಳಿತ ಸಿಕ್ಕರೆ 26 ಇಂಚು, ಅದೂ ಪುಕ್ಕಟೆ. 2,000 ಅಡಿ ಎತ್ತರದಲ್ಲಿ 31, 32 ಅಡಿ ದಾಟಿದ ಇಳಿತದಿಂದ ಹೆಚ್ಚೇನೂ ಸಿಗದು. ಅಲ್ಲೂ ಅದೇ 27.8ರ ಛಾವಣಿ.

ಇಲ್ಲಿ ಜನ ಎಡವುವುದು ಇಳಿತ ಎಲ್ಲಿರಬೇಕು ಎಂಬಲ್ಲಿ. ಒಂದು ಮರಕ್ಕೆ ಸಿಗುವ ಎಳೆತ ಅದರ ಕೆಳಗಿರುವ ಕಂಬದ ಎತ್ತರವನ್ನು ಅವಲಂಬಿಸಿದೆ. ಮರಗಳೆಲ್ಲ ಇಳಿಜಾರಿನ ಬುಡದಲ್ಲಿದ್ದು, ಟ್ಯಾಂಕು ಅವುಗಳ ಪಕ್ಕದಲ್ಲೇ ಇದ್ದರೆ ಮೇಲಿನ ಎರಡು ಮರ ಬಿಟ್ಟು ಮಿಕ್ಕವಕ್ಕೆ ಏನೂ ಇಲ್ಲ. ಮರಗಳು ಮೇಲಿನ ಸಮತಟ್ಟಿನಲ್ಲಿದ್ದು, ಕೊನೆಯ ಮರ ದಾಟಿದ ಮೇಲೆ ಪೈಪು ಮೂವತ್ತು ಅಡಿ ಧುಮುಕಿದರೆ ಎಲ್ಲಕ್ಕೂ ಪೂರ್ತಿ ಎಳೆತ. ಒಂದು ಪೈಪಿಗೆ 20ರಿಂದ 30 ನಳಿಕೆ ಸಾಕು. ಮೇಲೆ ಒಂದು ನಳಿಕೆ ಸಡಿಲಾದರೂ ಇಡೀ ಕಂಬ ಮುರಿಯುತ್ತದೆ. ಪೈಪಿನಲ್ಲಿ ಗುಳ್ಳೆಗಳು ನಿಧಾನ ತೇಲದೆ ಸರ್ರನೆ ಓಡುತ್ತಿದ್ದರೆ ಅದರ ಮೇಲ್ಭಾಗದಲ್ಲಿ ಸೋರಿಕೆ ಇದೆ ಎಂದರ್ಥ.

ಎರಡನೇ ವರ್ಷದ ಕಾಯಿಲೆ ಕಟ್ಟಿಕೊಳ್ಳುವುದು. T ಆಕಾರದ ಜೋಡಣೆಗಳ ಕಿರಿದಾದ ಕುತ್ತಿಗೆಯಲ್ಲಿ ಬಿಳಿ ಲೋಳೆ ಬೆಳೆದು ಹರಿವು ನಿಂತೇಹೋಗುತ್ತದೆ. ಋತು ಮುಗಿದ ಕೂಡಲೇ ಮೇಲಿನಿಂದ ಕ್ಲೋರಿನ್ ನೀರು ಬಿಟ್ಟು ತೊಳೆದು, ಮುಂದಿನ ವರ್ಷದ ಮೊದಲ ಹರಿವನ್ನು ನೆಲಕ್ಕೆ ಬಿಡಬೇಕು. ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಬಳಸಿ. ಸೋಡಿಯಂ ಹೈಪೋಕ್ಲೋರೈಟ್ ಬಳಸಿದರೆ ಪೈಪಿಗೆ ಉಪ್ಪಿನ ರುಚಿ ಹತ್ತಿ ಅಳಿಲುಗಳು ಮೈಲಿಗಟ್ಟಲೆ ಕಚ್ಚಿಹಾಕುತ್ತವೆ.

ತುಂಬಿದ ಪೈಪಿನ ಭಾರ

ಮೇಲಿನ ಟ್ಯಾಂಕಿನಿಂದ ಕೆಳಗಿನ ಪಾಕದ ಮನೆಗೆ ರಸ ತಾನೇ ಇಳಿಯುತ್ತದೆ ಎಂಬುದು ಬೆಟ್ಟದ ದೊಡ್ಡ ಅನುಕೂಲ, ದೊಡ್ಡ ಅಪಾಯವೂ ಅದೇ. ತುಂಬಿ ನಿಂತ ಪೈಪಿನಲ್ಲಿ ಪ್ರತಿ 10 ಮೀಟರ್ ಇಳಿತಕ್ಕೆ ಸುಮಾರು ಒಂದು ಬಾರ್ ಒತ್ತಡ. 100 ಮೀಟರ್ ಇಳಿತ ಇದ್ದರೆ ಬುಡದಲ್ಲಿ ಸುಮಾರು 9.8 ಬಾರ್, ಅಂದರೆ 142 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಸಾಮಾನ್ಯ ಕಪ್ಪು ಪಾಲಿಥೀನ್ ಪೈಪಿನ ತಾಕತ್ತು 100 ಪಿಎಸ್‌ಐ. ಕೆಳಗಿನ ಬಾಯಿ ತೆರೆದು ರಸ ಹರಿಯುತ್ತಿರುವವರೆಗೂ ತೊಂದರೆ ಕಾಣುವುದಿಲ್ಲ. ಯಾರೋ ಬುಡದ ವಾಲ್ವ್ ಮುಚ್ಚಿದ ಕ್ಷಣ, ಅಥವಾ ಬಾಯಿಯಲ್ಲಿ ಮಂಜು ಕಟ್ಟಿದ ಬೆಳಗ್ಗೆ, ಜೋಡಣೆ ಹಾರಿಹೋಗಿ ರಾತ್ರಿಯಿಡೀ ಕೂಡಿಸಿದ ರಸವೆಲ್ಲ ಹಿಮದ ಪಾಲು.

ಹಾಗಾಗಿ ವಾಲ್ವ್ ಯಾವಾಗಲೂ ಮೇಲೆ, ಟ್ಯಾಂಕಿನ ಬಾಯಲ್ಲಿ. ಕೆಳಗಿನ ತುದಿ ತೆರೆದೇ ಇರಲಿ, ಕೆಳಟ್ಯಾಂಕಿನ ರಸದ ಮಟ್ಟಕ್ಕಿಂತ ಮೇಲೆ. ಇಳಿತ 60 ಮೀಟರ್ ಮೀರಿದರೆ ನಡುವೆ ಗಾಳಿಯಾಡುವ ಒಂದು ಸಣ್ಣ ಪೀಪಾಯಿ ಇಟ್ಟು ಒತ್ತಡ ಮುರಿಯಿರಿ. ಅದಕ್ಕೆ ತೇಲುವ ವಾಲ್ವ್ ಹಾಕುವ ಆಸೆ ಬೇಡ. ಅದು ಮುಚ್ಚಿದಾಗ ಮತ್ತೆ ಮೇಲಿನ ಕಂಬದ ಭಾರವೇ. ಪೀಪಾಯಿಯಿಂದ ಹೊರಹೋಗುವ ಪೈಪು ಒಳಬರುವುದಕ್ಕಿಂತ ಒಂದು ಅಳತೆ ದಪ್ಪ ಇದ್ದರೆ ತುಂಬಿ ಹರಿಯುವ ಪ್ರಶ್ನೆಯೇ ಇಲ್ಲ. ಇಡೀ ಉದ್ದದಲ್ಲಿ ಎಲ್ಲೂ ಹೊಟ್ಟೆ ಬಿಡದಂತೆ ತಂತಿಗೆ ಬಿಗಿದು ಕಟ್ಟಿ, ಕನಿಷ್ಠ ಶೇ. 2 ಇಳಿಜಾರು. ಹೊಟ್ಟೆಯಲ್ಲಿ ನಿಂತ ಒಂದು ಲೀಟರ್ ರಸ ರಾತ್ರಿ ಹೆಪ್ಪುಗಟ್ಟಿ ಬೆಳಗಿನ ಹರಿವನ್ನು ಮಧ್ಯಾಹ್ನದವರೆಗೆ ತಡೆಯುತ್ತದೆ.

ಪಾಕದ ಮನೆಯೇ ಮೇಲಿದ್ದರೆ ಲೆಕ್ಕ ತಿರುಗುಮುರುಗು. 30 ಮೀಟರ್ ಏರಿಸಲು 3 ಬಾರ್, ಅದರ ಮೇಲೆ ಪೈಪಿನ ಘರ್ಷಣೆ. ಪಂಪಿನ ಮುಂದೆ ರಸ ಹಿಂದಿರುಗದಂತೆ ತಡೆಯುವ ಚೆಕ್ ವಾಲ್ವಿನಲ್ಲಿ ಸಣ್ಣ ತೂತೊಂದು ಕೊರೆದಿಟ್ಟರೆ ಪಂಪು ನಿಂತ ಮೇಲೆ ಪೈಪು ತಾನಾಗಿ ಖಾಲಿಯಾಗುತ್ತದೆ. ಅದಿಲ್ಲದಿದ್ದರೆ ಮರುದಿನ ಪೈಪಿನುದ್ದಕ್ಕೂ ಮಂಜುಗಡ್ಡೆ.

ಎರಡು ಟ್ಯಾಂಕು

ತುದಿಯ ರಸ, ಬುಡದ ರಸ ಎಂದು ಬೇರೆ ಬೇರೆ ಟ್ಯಾಂಕು ಇಡುವುದು ದುಬಾರಿ ಶೋಕಿಯಂತೆ ಕಾಣಬಹುದು. ಋತುವಿನ ಕೊನೆಯ ವಾರ ಅದರ ಬೆಲೆ ತಿಳಿಯುತ್ತದೆ. ಮೊಗ್ಗು ಉಬ್ಬಿದ ಮರದ ರಸದಿಂದ ಮಾಡಿದ ಪಾಕಕ್ಕೆ ಒಂದು ಬಗೆಯ ಹಳಸಿದ ಚಾಕೊಲೇಟಿನ ವಾಸನೆ. ಯಾವ ಸೋಸಾಟವೂ ಅದನ್ನು ತೆಗೆಯದು. ಮೊದಲು ಕೆಡುವುದು ತಗ್ಗಿನ ಮರ, ಅದರಲ್ಲೂ ರೆಡ್ ಮೇಪಲ್. ಮೇಲಿನ ಶುಗರ್ ಮೇಪಲ್ ಇನ್ನೂ ಚೊಕ್ಕವಾಗಿರುತ್ತದೆ. ಎರಡನ್ನೂ ಒಂದೇ ಟ್ಯಾಂಕಿಗೆ ಸುರಿದರೆ ಕೆಟ್ಟದ್ದು ಒಳ್ಳೆಯದನ್ನೂ ಕೆಡಿಸುತ್ತದೆ. ಏಪ್ರಿಲ್ ಬಂದ ಮೇಲೆ ದಿನಾ ಬೆಳಗ್ಗೆ ಪ್ರತಿ ಟ್ಯಾಂಕಿನಿಂದ ಒಂದೊಂದು ಲೀಟರ್ ತೆಗೆದು ಸಣ್ಣ ಪಾತ್ರೆಯಲ್ಲಿ ಕುದಿಸಿ ಮೂಸಿ ನೋಡಿ. ಹಸಿ ರಸದ ವಾಸನೆಯಿಂದ ಏನೂ ಗೊತ್ತಾಗುವುದಿಲ್ಲ, ಆವಿಯಲ್ಲಿ ಮಾತ್ರ ಗುಟ್ಟು ಹೊರಬೀಳುತ್ತದೆ.

ಮೇಲಿನ ರಸ ತಣ್ಣಗಿರುವುದರಿಂದ ಬ್ಯಾಕ್ಟೀರಿಯಾ ಕಡಿಮೆ, ಪಾಕದ ಬಣ್ಣ ತಿಳಿ. ಬ್ಯಾಕ್ಟೀರಿಯಾ ಸುಕ್ರೋಸನ್ನು ಒಡೆದು ಗ್ಲೂಕೋಸ್, ಫ್ರಕ್ಟೋಸ್ ಮಾಡಿದಷ್ಟೂ ಕುದಿಯುವಾಗ ಬಣ್ಣ ಗಾಢವಾಗುತ್ತದೆ. ಆದರೆ ಆ ತಣ್ಣನೆ ರಸ ಬಿಸಿಲು ಬೀಳುವ ಕಪ್ಪು ಪೈಪಿನಲ್ಲಿ ಒಂದು ಮೈಲಿ ತೆವಳಿ ಬಂದರೆ ಎತ್ತರದಿಂದ ಬಂದ ಲಾಭವೆಲ್ಲ ದಾರಿಯಲ್ಲೇ ಖರ್ಚು. ತಣ್ಣನೆಯ ರಸಕ್ಕೆ ಇನ್ನೊಂದು ಬೆಲೆಯೂ ಇದೆ: ಕುದಿಸುವ ಮುಂಚೆ ರಸದ ನೀರು ತೆಗೆಯುವ ರಿವರ್ಸ್ ಆಸ್ಮೋಸಿಸ್ ಯಂತ್ರದ ಪೊರೆ ಪ್ರತಿ ಡಿಗ್ರಿ ತಂಪಿಗೂ ಒಂದಿಷ್ಟು ಕಡಿಮೆ ನೀರು ಬಿಡುತ್ತದೆ. ಸೊನ್ನೆಗೆ ಹತ್ತಿರದ ರಸಕ್ಕೆ ಯಂತ್ರ ಗಂಟೆಗಟ್ಟಲೆ ಹೆಚ್ಚು ಓಡಬೇಕಾದೀತು.

ಪಾಕ ಇಳಿಸುವ ಕ್ಷಣ

ಪಾಕಕ್ಕೆ ಬೇಕಾದ ಉಷ್ಣಾಂಶ ಒಂದು ಸ್ಥಿರ ಅಂಕಿಯಲ್ಲ. ಆ ಜಾಗದಲ್ಲಿ ಆ ಹೊತ್ತಿಗೆ ನೀರು ಕುದಿಯುವ ಅಂಕಿಗಿಂತ ಸುಮಾರು 4 ಡಿಗ್ರಿ ಮೇಲೆ, ಫ್ಯಾರನ್‌ಹೀಟಿನಲ್ಲಿ 7.1 ಮೇಲೆ. ಸಮುದ್ರಮಟ್ಟದಲ್ಲಿ ನೀರು 100, ಪಾಕ 104. 1,000 ಅಡಿಯಲ್ಲಿ 99 ಮತ್ತು 103. 2,000 ಅಡಿಯಲ್ಲಿ 98 ಮತ್ತು 102. 3,000 ಅಡಿಯಲ್ಲಿ 97 ಮತ್ತು 101. ವರ್ಮಾಂಟ್‌ನ ಕಾನೂನು ಕೇಳುವ 66.9 ಬ್ರಿಕ್ಸ್‌ಗೆ ಕೂದಲೆಳೆಯಷ್ಟು ಹೆಚ್ಚು ಬೇಕು.

ಈಗ ಈ ಲೆಕ್ಕ ಎಷ್ಟು ಬಿಗಿ ಎಂದು ನೋಡಿ. 66ರ ಆಸುಪಾಸಿನಲ್ಲಿ ಒಂದು ಬ್ರಿಕ್ಸ್ ಎಂದರೆ ಕುದಿಬಿಂದುವಿನಲ್ಲಿ ಬರೀ 0.2ರಿಂದ 0.25 ಡಿಗ್ರಿ. 66ಕ್ಕಿಂತ ಕೆಳಗಿದ್ದರೆ ಪಾಕ ಹುಳಿಯುತ್ತದೆ, ಬೂಷ್ಟು ಹಿಡಿಯುತ್ತದೆ. 69 ದಾಟಿದರೆ ಹರಳು. 66.9ರಿಂದ 68.9ರವರೆಗಿನ ಕಿಟಕಿಯ ಅಗಲ ಅರ್ಧ ಡಿಗ್ರಿಗಿಂತ ಹೆಚ್ಚಿಲ್ಲ. ಮೋಡದ ಅಲೆಯೊಂದು ಬಂದು ವಾಯುಭಾರ ಒಂದು ದಿನದಲ್ಲಿ 15 ಹೆಕ್ಟೊಪ್ಯಾಸ್ಕಲ್ ಇಳಿದರೆ ನೀರಿನ ಕುದಿಬಿಂದು 0.4 ಡಿಗ್ರಿ ಇಳಿಯುತ್ತದೆ. ಅಂದರೆ ನಿನ್ನೆ ಸರಿಯಾಗಿದ್ದ ಥರ್ಮಾಮೀಟರ್ ಗುರುತು ಇವತ್ತು ಕಿಟಕಿಯ ಆಚೆ. ಎತ್ತರದ ಪಟ್ಟಿ ನೋಡಿ ಒಮ್ಮೆ ತಿದ್ದಿ ಇಡೀ ಋತು ನಡೆಸುವುದು ಆಗದ ಮಾತು. ಪಟ್ಟಿ ಅಂದಾಜಿಗೆ, ತೀರ್ಪಿಗೆ ಕುದಿಯುವ ನೀರೇ ಬೇಕು.

ಒಲೆ ಹಚ್ಚುವ ಮುಂಚೆ ಸಣ್ಣ ಪಾತ್ರೆಯಲ್ಲಿ ಶುದ್ಧ ನೀರು ಕೊತಕೊತ ಕುದಿಸಿ. ಪಾಕ ಅಳೆಯುವ ಅದೇ ಥರ್ಮಾಮೀಟರನ್ನು, ಪಾಕದಲ್ಲಿ ಮುಳುಗುವಷ್ಟೇ ಆಳಕ್ಕೆ, ತಳ ಮುಟ್ಟದಂತೆ ಇಳಿಸಿ. ಮುಳ್ಳು ನಿಂತಲ್ಲಿಗೆ ಸೊನ್ನೆ ಹೊಂದಿಸಿ. ಗಾಳಿ ದಿಕ್ಕು ಬದಲಿಸಿದರೆ, ಹಿಮ ಸುರಿಯಲು ಶುರುವಾದರೆ, ಮತ್ತೊಮ್ಮೆ. ತಾನಾಗಿ ಪಾಕ ಬಿಡುವ ಯಂತ್ರ ಇದ್ದವರು ಇದನ್ನು ಇನ್ನೂ ಶ್ರದ್ಧೆಯಿಂದ ಮಾಡಬೇಕು, ಏಕೆಂದರೆ ಆ ಯಂತ್ರ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಪುನರಾವರ್ತಿಸುತ್ತದೆ.

ಕೊನೆಯ ಮಾತು, ಪಾಕದಲ್ಲಿ ತೇಲಿಬಿಡುವ ಕಡ್ಡಿಯಾದ ಹೈಡ್ರೋಮೀಟರಿನದು. ಅದು ಅಳೆಯುವುದು ಸಾಂದ್ರತೆ, ಎತ್ತರಕ್ಕೂ ವಾಯುಭಾರಕ್ಕೂ ಅದು ಸೊಪ್ಪು ಹಾಕುವುದಿಲ್ಲ. ಬಿಸಿ ಪಾಕದ ಕೆಂಪು ಗೆರೆ 211 ಫ್ಯಾರನ್‌ಹೀಟ್, ಅಂದರೆ 99.4 ಸೆಲ್ಸಿಯಸ್‌ಗೆ ಹೊಂದಿಸಿದ್ದು. 3,000 ಅಡಿಯಲ್ಲೂ ಪಾಕ 101ಕ್ಕೆ ಇಳಿಯುವುದರಿಂದ ಆ ಗೆರೆ ಕೆಲಸಕ್ಕೆ ಬರುತ್ತದೆ, ಆದರೆ ಅಳೆಯಲು ಪಾಕ ತುಂಬುವ ಕಪ್ಪಿನಲ್ಲಿ ತಣಿಯಲು ಸಿಗುವ ಸಮಯ ಬಹಳ ಕಮ್ಮಿ. ಕಪ್ಪನ್ನು ಮೊದಲೇ ಬಿಸಿ ಮಾಡಿಟ್ಟು, ತುಂಬಿದ ತಕ್ಷಣ ಓದಿ. ಕಡ್ಡಿಗೆ ಒಣಗಿದ ಪಾಕ ಅಂಟಿದ್ದರೆ ಅದು ಭಾರವಾಗಿ ಹೆಚ್ಚು ಮುಳುಗುತ್ತದೆ, ಪಾಕ ಇನ್ನೂ ತೆಳು ಎಂದು ಸುಳ್ಳು ಹೇಳುತ್ತದೆ. ನೀವು ಕುದಿಸುತ್ತಲೇ ಹೋಗುತ್ತೀರಿ.

ನೀರು ಎರಡು ಡಿಗ್ರಿ ಬೇಗ ಕುದಿಯುವುದರಿಂದ ಸೌದೆ ಉಳಿಯುತ್ತದೆಯೇ? ಇಲ್ಲ. ಖರ್ಚೆಲ್ಲ ನೀರನ್ನು ಆವಿ ಮಾಡುವುದರಲ್ಲಿ, ಅದು ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಎಣ್ಣೆ ಬರ್ನರ್ ಇದ್ದವರಿಗೆ ಮಾತ್ರ ಒಂದು ಎಚ್ಚರಿಕೆ: 2,000 ಅಡಿಯಲ್ಲಿ ಗಾಳಿ ಶೇ. 7ರಷ್ಟು ತೆಳು. ತಗ್ಗಿನಲ್ಲಿ ಹೊಂದಿಸಿದ ಬರ್ನರನ್ನು ಹಾಗೇ ತಂದಿಟ್ಟರೆ ಎಣ್ಣೆ ಪೂರ್ತಿ ಉರಿಯದೆ ಬಾಣಲೆಯ ತಳಕ್ಕೆ ಮಸಿ ಕಟ್ಟುತ್ತದೆ, ಮಸಿ ಕಟ್ಟಿದ ಮೇಲೆ ಆವಿ ಇಳಿಯುತ್ತದೆ. ಹೊಗೆ ಪರೀಕ್ಷೆ ಮಾಡಿ ಗಾಳಿಯ ಕಿಂಡಿ ಹೊಂದಿಸಿ, ಸಾಲದಿದ್ದರೆ ಸಣ್ಣ ನಾಜಲ್ ಹಾಕಿ.

ಪಾಕ ದಾಟಿ ಮುಂದೆ ಹೋಗುವವರಿಗೂ ಅದೇ ಕ್ರಮ. ಮೇಪಲ್ ಕ್ರೀಮ್‌ಗೆ ನೀರಿನ ಕುದಿಬಿಂದುವಿಗಿಂತ 12ರಿಂದ 13 ಡಿಗ್ರಿ ಮೇಲೆ, ಅಚ್ಚಿನ ಸಕ್ಕರೆಗೆ 18ರಿಂದ 19, ಪುಡಿ ಸಕ್ಕರೆಗೆ 25ರಿಂದ 28. ಇವುಗಳಲ್ಲಿ ಎತ್ತರಕ್ಕೆ ಬದಲಾಗದ ಉಷ್ಣಾಂಶ ಒಂದೇ: ಬಾಟಲಿಗೆ ತುಂಬುವಾಗಿನ 82ರಿಂದ 85 ಡಿಗ್ರಿ. ಬೂಷ್ಟು ಸಾಯುವುದು ಬಿಸಿಗೆ, ಬೆಟ್ಟದ ಮೇಲೂ ಅಷ್ಟೇ ಬಿಸಿ ಬೇಕು. ತುಂಬಿ ಮುಚ್ಚಳ ಬಿಗಿದ ಕೂಡಲೇ ಬಾಟಲಿಯನ್ನು ಮಗುಚಿ ಮಲಗಿಸಿ, ಮುಚ್ಚಳದ ಒಳಭಾಗಕ್ಕೂ ಅದು ತಾಗಲಿ.